ಯಂತ್ರ ಓದಿದ ಕನ್ನಡಕ್ಕೆ ವಾರಸುದಾರರು ಯಾರು?

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು 1994ರ ನವೆಂಬರಿನಲ್ಲಿ ತೀರಿಕೊಂಡರು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹಗಾರರ ಹಕ್ಕು ಅವರು ಬದುಕಿರುವಷ್ಟು ಕಾಲವೂ ಇರುತ್ತದೆ, ತೀರಿಕೊಂಡ ಮರುವರ್ಷದಿಂದ ಎಣಿಸಿ ಮುಂದೆ 60 ವರ್ಷವೂ ಇರುತ್ತದೆ. ಆ ಲೆಕ್ಕದಲ್ಲಿ ‘ಕಾನೂರು ಹೆಗ್ಗಡಿತಿ’ಯೂ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯೂ 2054ರ ಕೊನೆಯವರೆಗೆ ಹಕ್ಕುದಾರರ ಸ್ವತ್ತು. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಕೃತಿಗಳಿಗೆ 2057ರ ತನಕ, 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ಕೃತಿಗಳಿಗೆ 2067ರ ತನಕ ಇದೇ ರಕ್ಷಣೆಯಿದೆ. ಆದರೆ ಇವತ್ತು ಕನ್ನಡದಲ್ಲಿ ಉತ್ತರ ಕೊಡುವ, ಕತೆ ಕಟ್ಟುವ, ಹಾಡು ಹೊಸೆಯುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಆ ಕನ್ನಡವನ್ನು ಕಲಿತದ್ದು ಯಾರೋ ಬರೆದದ್ದರಿಂದ, ಯಾರೋ ಆಡಿದ್ದರಿಂದ, ಯಾರೋ ಹಾಡಿದ್ದರಿಂದ. ಹಾಗೆ ಕೊಟ್ಟವರಿಗೆ ಏನು ಸಲ್ಲಬೇಕು ಎಂಬ ಚರ್ಚೆ ದಿಲ್ಲಿಯಲ್ಲೂ ಹೊರದೇಶಗಳಲ್ಲೂ ಬಿರುಸಾಗಿದೆ. ಅದರಲ್ಲಿ ಕನ್ನಡದವರು ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ: ಕಾನೂನು ನಾಳೆಯೇ ನಮ್ಮ ಪರವಾಗಿ ಬಂದರೂ ಅದರ ಫಲ ಮಲೆನಾಡಿನ ಒಬ್ಬ ಯಕ್ಷಗಾನ ಪ್ರಸಂಗಕರ್ತನಿಗೋ ಕತೆಗಾರ್ತಿಗೋ ಮುಟ್ಟುವ ದಾರಿ ಇನ್ನೂ ಸಿದ್ಧವಾಗಿಲ್ಲ. ಯಾವ ಕೃತಿ ಯಾರದು ಎಂಬ ದಾಖಲೆಯೇ ನಮ್ಮಲ್ಲಿಲ್ಲ. ಹಕ್ಕಿನ ಹೋರಾಟ ಶುರುವಾಗಬೇಕಾದದ್ದು ಅಲ್ಲಿಂದ.

ಯಂತ್ರ ಓದುವುದು ಎಂದರೇನು ಎಂಬುದನ್ನು ಮೊದಲು ನೋಡೋಣ. ಒಂದು ಭಾಷಾ ಮಾದರಿಯನ್ನು ಕಟ್ಟುವವರು ಜಾಲತಾಣ, ಪುಸ್ತಕ, ಪತ್ರಿಕೆ, ವಿಡಿಯೊಗಳ ಮಾತು ಇವೆಲ್ಲವನ್ನೂ ತಮ್ಮ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುತ್ತಾರೆ. ಆ ಪಠ್ಯವನ್ನು ಪುಟ್ಟ ಪುಟ್ಟ ತುಂಡುಗಳಾಗಿ ಒಡೆದು, ಯಾವ ತುಂಡಿನ ನಂತರ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ಯಂತ್ರ ಕೋಟ್ಯಂತರ ಸಲ ಊಹಿಸುವಂತೆ ಮಾಡಿ ತಿದ್ದುತ್ತಾರೆ. ಕಡೆಗೆ ಯಂತ್ರದಲ್ಲಿ ಉಳಿಯುವುದು ಪುಸ್ತಕಗಳ ರಾಶಿಯಲ್ಲ, ಅಂಕಿಗಳ ರಾಶಿ. ಹಾಗಾಗಿ ‘ನಾವು ಯಾವ ಪುಸ್ತಕವನ್ನೂ ಇಟ್ಟುಕೊಂಡಿಲ್ಲ’ ಎಂದು ಕಂಪನಿಗಳು ಹೇಳುವುದರಲ್ಲಿ ಸ್ವಲ್ಪ ನಿಜವಿದೆ. ಆದರೆ ಪೂರ್ತಿ ನಿಜವಲ್ಲ. ಕಲಿಸುವ ಮುನ್ನ ನಕಲು ಮಾಡಿದ್ದು ನಕಲೇ. ಕೃತಿಯನ್ನು ಪ್ರತಿ ಮಾಡುವ ಹಕ್ಕು ಕಾನೂನಿನಲ್ಲಿ ಕೃತಿಕಾರನದು. ಮೇಲಾಗಿ, ಮತ್ತೆ ಮತ್ತೆ ಕಂಡ ಸಾಲುಗಳು ಅಂಕಿಗಳ ನಡುವೆಯೂ ಇದ್ದಂತೆಯೇ ಉಳಿದುಬಿಡಬಹುದು. ಜರ್ಮನಿಯ ಸಂಗೀತ ಹಕ್ಕುಗಳ ಸಂಘ ಗೆಮಾ ಹೂಡಿದ ದಾವೆಯಲ್ಲಿ ಮ್ಯೂನಿಕ್ ನ್ಯಾಯಾಲಯ 2025ರ ನವೆಂಬರಿನಲ್ಲಿ ಹೇಳಿದ್ದು ಇದನ್ನೇ: ಹಾಡಿನ ಸಾಹಿತ್ಯ ಯಂತ್ರದೊಳಗೆ ನೆನಪಾಗಿ ಕೂತಿದ್ದು, ಕೇಳಿದಾಗ ಹಾಗೆಯೇ ಹೊರಬರುವುದಾದರೆ ಅದೂ ನಕಲೇ. ಕನ್ನಡಕ್ಕೆ ಈ ಮಾತು ಹೆಚ್ಚು ತಾಗುತ್ತದೆ. ಇಂಗ್ಲಿಷಿಗೆ ಹೋಲಿಸಿದರೆ ಅಂತರ್ಜಾಲದಲ್ಲಿ ಕನ್ನಡದ ಒಳ್ಳೆಯ ಪಠ್ಯ ತೀರ ಕಡಿಮೆ. ಸಿಗುವ ಪಠ್ಯ ಕಡಿಮೆಯಾದಷ್ಟೂ ಅದರಲ್ಲಿ ಒಬ್ಬೊಬ್ಬ ಬರಹಗಾರರ ಪಾಲು ದೊಡ್ಡದಾಗುತ್ತದೆ. ಮಲೆನಾಡಿನ ಮಾತಿನ ಬನಿ ಯಂತ್ರಕ್ಕೆ ಬರಬೇಕಾದರೆ ಅದು ಕೆಲವೇ ಕೆಲವರ ಬರಹಗಳಿಂದ ಬರಬೇಕು.

ಭಾರತದ ಕಾನೂನು 1957ರದು. ಅನುಮತಿಯಿಲ್ಲದೆ ಕೃತಿಯನ್ನು ಬಳಸಬಹುದಾದ ಸಂದರ್ಭಗಳನ್ನು ಅದರ 52ನೇ ಕಲಮು ಪಟ್ಟಿ ಮಾಡುತ್ತದೆ: ಸ್ವಂತ ಓದು, ಸಂಶೋಧನೆ, ವಿಮರ್ಶೆ, ಸುದ್ದಿಯ ವರದಿ, ತರಗತಿಯ ಬಳಕೆ ಮುಂತಾದವು. ವಾಣಿಜ್ಯ ಕಂಪನಿಯೊಂದು ಯಂತ್ರಕ್ಕೆ ಕಲಿಸುವುದು ಆ ಪಟ್ಟಿಯಲ್ಲಿ ಹೆಸರಿಟ್ಟು ಬಂದಿಲ್ಲ. ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರಿನಲ್ಲಿ ಓಪನ್‌ಎಐ ಕಂಪನಿಯ ಮೇಲೆ ದಿಲ್ಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯ ತಿರುಳು ಇದೇ. ಭಾರತೀಯ ಪ್ರಕಾಶಕರ ಒಕ್ಕೂಟವೂ ಅದರಲ್ಲಿ ತನ್ನ ಮಾತು ಸೇರಿಸಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ನೇಮಿಸಿದ್ದ ಸಮಿತಿ ಒಂದು ಕರಡು ಪತ್ರವನ್ನು ಜನರ ಮುಂದಿಟ್ಟಿತು. ಕಾನೂನುಬದ್ಧವಾಗಿ ಕೈಗೆ ಸಿಕ್ಕ ಎಲ್ಲ ಕೃತಿಗಳನ್ನೂ ಎಐ ಕಂಪನಿಗಳು ಕಲಿಕೆಗೆ ಬಳಸಬಹುದು, ಬೇಡವೆನ್ನುವ ಅವಕಾಶ ಕೃತಿಕಾರರಿಗಿಲ್ಲ; ಬದಲಿಗೆ ಕಂಪನಿಗಳು ತಮ್ಮ ಆದಾಯದಲ್ಲಿ ಗೊತ್ತುಪಡಿಸಿದ ಪಾಲನ್ನು ಒಂದು ಕೇಂದ್ರ ಸಂಸ್ಥೆಗೆ ಕಟ್ಟಬೇಕು, ಅದು ಹಕ್ಕುದಾರರಿಗೆ ಹಂಚಬೇಕು ಎಂಬುದು ಅದರ ಸಲಹೆ. ಅಡಿಕೆ ತೋಟದವರಿಗೆ ಇದು ಬೇಗ ಅರ್ಥವಾದೀತು. ಫಸಲನ್ನು ಚೇಣಿಗೆ ಕೊಡುವಾಗ ತೋಟ ಮಾಲೀಕರದೇ ಆಗಿರುತ್ತದೆ, ದರ ಮೊದಲೇ ಮಾತಾಗಿರುತ್ತದೆ, ಕೊಡಲು ಇಷ್ಟವಿಲ್ಲದವರು ತಾವೇ ಕೊಯ್ಲು ಮಾಡಿಕೊಳ್ಳುತ್ತಾರೆ. ಸಮಿತಿ ಹೇಳುತ್ತಿರುವುದು, ಊರಿನ ತೋಟಗಳೆಲ್ಲ ಕಡ್ಡಾಯವಾಗಿ ಚೇಣಿಗೆ ಹೋಗಲಿ, ದರವನ್ನು ಸರ್ಕಾರ ಗೊತ್ತುಮಾಡಲಿ ಎಂದು. ಬೇಡವೆನ್ನುವ ಸ್ವಾತಂತ್ರ್ಯ ಹೋಗುವುದು ಸಣ್ಣ ನಷ್ಟವಲ್ಲ. ಆದರೂ ಕೋರ್ಟಿಗೆ ಅಲೆಯಲಾರದ ಸಣ್ಣ ಬರಹಗಾರನಿಗೆ ಇದರಿಂದ ಲಾಭವೇ ಆಗಬಹುದು, ಹಣ ಅವನ ಮನೆಯ ತನಕ ಬರುವುದಾದರೆ. ಬರುವುದು ಹೇಗೆ ಎಂಬುದೇ ಪ್ರಶ್ನೆ.

ಅಮೆರಿಕದ ಒಂದು ಪ್ರಕರಣ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ. ಆಂಥ್ರೊಪಿಕ್ ಎಂಬ ಎಐ ಕಂಪನಿಯ ವಿರುದ್ಧ ಲೇಖಕರು ಹೂಡಿದ ಮೊಕದ್ದಮೆಯಲ್ಲಿ 2025ರ ಜೂನಿನಲ್ಲಿ ನ್ಯಾಯಾಧೀಶರು ಎರಡು ಮಾತು ಹೇಳಿದರು. ಪುಸ್ತಕಗಳಿಂದ ಯಂತ್ರಕ್ಕೆ ಕಲಿಸುವುದು ಅಲ್ಲಿನ ಕಾನೂನಿನಡಿ ನ್ಯಾಯಸಮ್ಮತ ಬಳಕೆ. ಆದರೆ ಕದ್ದ ಪ್ರತಿಗಳ ತಾಣಗಳಿಂದ ಪುಸ್ತಕ ಇಳಿಸಿ ಗ್ರಂಥಾಲಯ ಮಾಡಿಕೊಂಡಿದ್ದು ಅಲ್ಲ. ಬಳಿಕ ಕಂಪನಿ 150 ಕೋಟಿ ಡಾಲರ್ ಕೊಡಲು ರಾಜಿಯಾಯಿತು, ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಸುದ್ದಿಯಾದದ್ದು ಈ ಮೊತ್ತ. ನಮಗೆ ಅದಕ್ಕಿಂತ ಮುಖ್ಯವಾದದ್ದು ಅದರ ಷರತ್ತು. ಇಳಿಸಿಕೊಂಡ ಕಡತಗಳು 70 ಲಕ್ಷದಷ್ಟಿದ್ದರೂ ಪರಿಹಾರಕ್ಕೆ ಅರ್ಹವಾದ ಪುಸ್ತಕಗಳು 5 ಲಕ್ಷದ ಒಳಗೇ. ಒಂದೇ ಪುಸ್ತಕದ ಹಲವು ಪ್ರತಿಗಳನ್ನು ಕಳೆದದ್ದು ಒಂದು ಕಾರಣ. ಐಎಸ್‌ಬಿಎನ್‌ನಂಥ ಗುರುತಿನ ಸಂಖ್ಯೆ ಇದ್ದು, ಅಮೆರಿಕದ ಕೃತಿಸ್ವಾಮ್ಯ ಕಚೇರಿಯಲ್ಲಿ ಸಕಾಲಕ್ಕೆ ನೋಂದಣಿಯಾದ ಪುಸ್ತಕಗಳನ್ನಷ್ಟೇ ಪರಿಗಣಿಸಿದ್ದು ಇನ್ನೊಂದು ಕಾರಣ. ನೋಂದಣಿ ಇಲ್ಲದವರ ಪುಸ್ತಕವನ್ನೂ ಅದೇ ಜಾಗದಿಂದ, ಅದೇ ರೀತಿಯಲ್ಲಿ ತೆಗೆದುಕೊಂಡಿರಬಹುದು. ಹಣ ಮಾತ್ರ ಅವರಿಗೆ ಬರಲಿಲ್ಲ. ಹಕ್ಕು ಇರುವುದು ಬೇರೆ, ಹಕ್ಕುದಾರರು ಇಂಥವರು ಎಂದು ತೋರಿಸಲು ಕಾಗದವಿರುವುದು ಬೇರೆ.

ಕಾಗದವಿದ್ದರೂ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನ ನೆರೆಯ ಉಡುಪಿ ಜಿಲ್ಲೆಯಲ್ಲೇ ಒಂದು ಉದಾಹರಣೆಯಿದೆ. ಶಿವರಾಮ ಕಾರಂತರು ಯಕ್ಷಗಾನದ ರಾಗ, ಕುಣಿತ, ವೇಷಗಳನ್ನು ಮರುಚಿಂತಿಸಿ ‘ಯಕ್ಷರಂಗ’ ಎಂಬ ಹೊಸ ಬಗೆಯನ್ನು ರೂಪಿಸಿದ್ದರು; ಅದಕ್ಕಾಗಿ ಭೀಷ್ಮವಿಜಯ, ನಳದಮಯಂತಿ, ಪಂಚವಟಿ, ಅಭಿಮನ್ಯು ವಧೆ ಮೊದಲಾದ ಏಳು ಪ್ರಸಂಗಗಳನ್ನು ಸಿದ್ಧಪಡಿಸಿದ್ದರು. 1994ರ ಜೂನ್ 18ರಂದು ಬರೆದ ಉಯಿಲಿನಲ್ಲಿ ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 2001ರಲ್ಲಿ ದಿಲ್ಲಿಯಲ್ಲಿ ನಡೆದ ಅಭಿಮನ್ಯು ವಧೆಯ ಪ್ರದರ್ಶನದ ಬಗ್ಗೆ ಅವರಿಗೂ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಗೂ ವ್ಯಾಜ್ಯವಾಯಿತು. ಜಿಲ್ಲಾ ನ್ಯಾಯಾಲಯ, ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2009ರ ಜನವರಿ 23ರಂದು. ಅಷ್ಟು ವರ್ಷ ಚರ್ಚೆಯಾದ ಪ್ರಶ್ನೆಗಳಲ್ಲಿ ಒಂದು, ಯಕ್ಷರಂಗ ಸಾಹಿತ್ಯ ಕೃತಿಯೋ ನಾಟಕ ಕೃತಿಯೋ ಎಂಬುದು. ಉಯಿಲಿನಲ್ಲಿ ನೃತ್ಯರೂಪಕದ ಹೆಸರು ಹಿಡಿದು ಒಂದು ಮಾತೂ ಇರಲಿಲ್ಲ. ‘ಉಳಿದ ಆಸ್ತಿ’ಯ ಬಗೆಗಿನ ಕಲಮಿನ ಬಲದಿಂದ ಹಕ್ಕು ಮಾಲಿನಿ ಮಲ್ಯ ಅವರಿಗೇ ಉಳಿಯಿತು. ಶಿಕ್ಷಣ ಸಂಸ್ಥೆಯ ಒಳಗಿನ ಮತ್ತು ಟಿಕೆಟ್ಟಿಲ್ಲದ ಪ್ರದರ್ಶನಗಳಿಗೆ ಕಾನೂನು ಕೊಟ್ಟಿರುವ ವಿನಾಯಿತಿಗಳು ಸಂಸ್ಥೆಗೂ ಸಲ್ಲುತ್ತವೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಜ್ಞಾನಪೀಠ ಪಡೆದ ಲೇಖಕ, ಉಯಿಲು, ವಕೀಲರು ಎಲ್ಲ ಇದ್ದೂ ಹೀಗಾದರೆ, ಇದ್ಯಾವುದೂ ಇಲ್ಲದವರ ಗತಿಯೇನು?

ಶೃಂಗೇರಿ ತಾಲ್ಲೂಕಿನ ಬೇಗಾರಿನಂಥ ಊರಿನಲ್ಲಿ ಮಳೆಗಾಲದಲ್ಲಿ ನಡೆಯುವ ಒಂದು ತಾಳಮದ್ದಳೆಯನ್ನು ತೆಗೆದುಕೊಳ್ಳಿ. ಪ್ರಸಂಗ ದೇವಿದಾಸನ ಕೃಷ್ಣಸಂಧಾನ ಎಂದಿಟ್ಟುಕೊಳ್ಳೋಣ. ಆ ಪದ್ಯಗಳು ಹಳೆಯವು, ಯಾರ ಸ್ವತ್ತೂ ಅಲ್ಲ. ಭಾಗವತರು ಪದ ಹೇಳಿ ಮುಗಿಸಿದೊಡನೆ ಅರ್ಥಧಾರಿ ಮಾತಿಗೆ ತೊಡಗುತ್ತಾರೆ. ಕೃಷ್ಣನೂ ಕೌರವನೂ ಗಂಟೆಗಟ್ಟಲೆ ನಡೆಸುವ ಆ ವಾದ ಎಲ್ಲೂ ಬರೆದಿಟ್ಟದ್ದಲ್ಲ. ಆ ರಾತ್ರಿ, ಆ ಎದುರಾಳಿಯ ಮುಂದೆ ಹುಟ್ಟಿದ್ದು. ಸಭೆಯಲ್ಲಿದ್ದ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾರೆ. ಓರಣವಾದ, ಲಹರಿಯಿರುವ, ತರ್ಕಬದ್ಧವಾದ ಆಡುಗನ್ನಡ ಕಲಿಯಬೇಕಾದ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗಲಾರದು. ಈಗ ಹಕ್ಕಿನ ಲೆಕ್ಕ ನೋಡಿ. ಧ್ವನಿಮುದ್ರಣದ ಹಕ್ಕು ಕಾನೂನಿನ ಕಣ್ಣಿಗೆ ಮುದ್ರಣ ಮಾಡಿಸಿದವರದು. ಭಾಗವತರಿಗೂ ಅರ್ಥಧಾರಿಗೂ 1994ರ ತಿದ್ದುಪಡಿ ತಂದ ಪ್ರದರ್ಶಕರ ಹಕ್ಕು ಇದೆ, ಈಗ ಅದರ ಅವಧಿ 50 ವರ್ಷ. ಆಶುವಾಗಿ ಹುಟ್ಟಿದ ಆ ಮಾತಿಗೆ ಅರ್ಥಧಾರಿ ಸ್ವತಂತ್ರ ಕೃತಿಕಾರ ಎಂದೂ ವಾದಿಸಬಹುದು, ಏಕೆಂದರೆ ನಾಟಕ ಕೃತಿ ‘ಬರವಣಿಗೆಯಲ್ಲಿ ಅಥವಾ ಬೇರೆ ರೀತಿಯಲ್ಲಿ’ ನೆಲೆಗೊಂಡಿದ್ದರೆ ಸಾಕು ಎನ್ನುತ್ತದೆ ಕಾಯ್ದೆ. ಇಷ್ಟು ಹಕ್ಕುಗಳಿದ್ದರೂ ವಿಡಿಯೊದ ಕೆಳಗೆ ಎಷ್ಟೋ ಸಲ ಕಲಾವಿದರ ಹೆಸರೂ ಇರುವುದಿಲ್ಲ. ರಮೇಶ್ ಬೇಗಾರ್ ನಿರ್ದೇಶಿಸಿದ ‘ವೈಶಂಪಾಯನ ತೀರ’ದಂಥ ಸಿನಿಮಾಕ್ಕಾದರೆ ಟೈಟಲ್ ಕಾರ್ಡು ಇದೆ, ಸೆನ್ಸಾರ್ ಪ್ರಮಾಣಪತ್ರ ಇದೆ, ಕತೆ ಯಾರದು, ಹಾಡು ಯಾರದು, ಹಣ ಹಾಕಿದವರು ಯಾರು ಎಂಬುದು ದಾಖಲೆಯಲ್ಲಿ ಉಳಿಯುತ್ತದೆ. ತಾಳಮದ್ದಳೆಗೆ ಅದೊಂದೂ ಇಲ್ಲ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು. ಅವರು ಬರೆದ ‘ನಾಗಶ್ರೀ’ ಪ್ರಸಂಗದ ಹಕ್ಕು 2050ರ ಕೊನೆಯವರೆಗೆ ಇರುತ್ತದೆ. ಯಕ್ಷಗಾನದ ಎಷ್ಟು ಜನರಿಗೆ ಇದು ಗೊತ್ತು? ನಾಳೆ ದಿಲ್ಲಿಯ ಸಂಸ್ಥೆ ಯಕ್ಷಗಾನದ ಪಾಲಿನ ಹಣವನ್ನು ಹಿಡಿದು ಬಂದರೆ ಯಾರ ವಿಳಾಸಕ್ಕೆ ಕಳಿಸಬೇಕು?

ಇಷ್ಟೆಲ್ಲ ಯಾಕೆ, ಯಂತ್ರವೂ ಮನುಷ್ಯನಂತೆ ಓದಿ ಕಲಿಯುತ್ತದೆ, ಹಿಂದಿನ ಕವಿಗಳನ್ನು ಓದದೆ ಹೊಸ ಕವಿ ಹುಟ್ಟುತ್ತಾನೆಯೇ ಎಂಬ ಆಕ್ಷೇಪ ಇದೆ. ಇದರಲ್ಲಿ ಒಪ್ಪಬೇಕಾದ ಭಾಗವೂ ಇದೆ. ಶೈಲಿ, ವಿಚಾರ, ಕಥಾವಸ್ತು ಯಾರೊಬ್ಬರ ಸ್ವತ್ತಲ್ಲ. ಅಭಿವ್ಯಕ್ತಿಗೆ ಮಾತ್ರ ರಕ್ಷಣೆ, ವಿಚಾರಕ್ಕಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಮಲೆನಾಡಿನ ಒಕ್ಕಲು ಮಕ್ಕಳ ಬದುಕನ್ನು ಕುವೆಂಪು ಬರೆದರೆಂದು ಬೇರೆಯವರು ಬರೆಯಬಾರದು ಎನ್ನುವುದು ಸಾಹಿತ್ಯಕ್ಕೇ ದ್ರೋಹ. ಆದರೆ ಮನುಷ್ಯ ಓದುವುದಕ್ಕೂ ಯಂತ್ರ ಓದುವುದಕ್ಕೂ ದೊಡ್ಡ ಅಂತರವಿದೆ. ಓದುಗ ಪುಸ್ತಕ ಕೊಳ್ಳುತ್ತಾನೆ ಅಥವಾ ಗ್ರಂಥಾಲಯದಿಂದ ತರುತ್ತಾನೆ. ಆ ಗ್ರಂಥಾಲಯವೂ ದುಡ್ಡು ಕೊಟ್ಟೇ ಕೊಂಡಿರುತ್ತದೆ. ಓದಿದ್ದರಲ್ಲಿ ಬಹುಪಾಲನ್ನು ಅವನು ಮರೆಯುತ್ತಾನೆ, ಉಳಿದದ್ದನ್ನು ತನ್ನ ಬದುಕಿನ ಜೊತೆ ಬೆರೆಸಿ ಒಂದು ಜನ್ಮದಲ್ಲಿ ಹತ್ತಿಪ್ಪತ್ತು ಪುಸ್ತಕ ಬರೆದಾನು. ಯಂತ್ರ ಕೋಟಿ ಪುಟಗಳನ್ನು ಒಟ್ಟಿಗೆ ನಕಲಿಸಿಕೊಂಡು, ಬರಹಗಾರ ಮಾರುವ ಸರಕನ್ನೇ ಅವನ ಮಾರುಕಟ್ಟೆಯಲ್ಲೇ ಅವನಿಗಿಂತ ಅಗ್ಗಕ್ಕೆ, ಎಣೆಯಿಲ್ಲದಷ್ಟು ಉತ್ಪಾದಿಸುತ್ತದೆ. ಅನುವಾದ, ಜಾಹೀರಾತು ಬರಹ, ಪಠ್ಯದ ಕರಡು ತಿದ್ದುವುದು, ಸಣ್ಣ ಹಾಡುಗಳನ್ನು ಬರೆದುಕೊಡುವುದು: ಬರಹದಿಂದಲೇ ಅಷ್ಟಿಷ್ಟು ಸಂಪಾದಿಸುವ ಕನ್ನಡಿಗರ ಕೆಲಸಗಳು ಇವೇ. ಅವಕ್ಕೇ ಮೊದಲು ಪೆಟ್ಟು ಬೀಳುವುದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು, ಕನ್ನಡದ ಮೇಲಿನ ಪ್ರೀತಿಯಿಂದಲೇ ಬರುವಂಥದ್ದು. ಹಕ್ಕು, ಹಣ, ಅನುಮತಿ ಎಂದು ತಡೆ ಹಾಕಿದರೆ ಕಂಪನಿಗಳು ಕನ್ನಡವನ್ನು ಬಿಟ್ಟು ಮುಂದೆ ಹೋಗುತ್ತವೆ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಯಂತ್ರ ಮಾತಾಡುವ ಕಾಲಕ್ಕೆ ಕನ್ನಡವೇ ಇಲ್ಲವಾಗುತ್ತದೆ ಎಂಬ ಭಯ. ಭಯ ಸುಳ್ಳಲ್ಲ. ಆದರೆ ಕೇಳಿ, ಕೊಟ್ಟು, ಹೆಸರಿಟ್ಟು ಕನ್ನಡವನ್ನು ಕಲಿಸಲು ಸಾಧ್ಯ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿಸಿ ಧ್ವನಿ ಸಂಗ್ರಹಿಸಿತು. ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ದುಡ್ಡು ಕೊಟ್ಟಿತು. ಅದೇ ಧ್ವನಿಯನ್ನು ಮತ್ತೊಬ್ಬರಿಗೆ ಮಾರಿದಾಗ ಆಡಿದವರಿಗೂ ಪಾಲು ಸಿಗುವ ಏರ್ಪಾಡು ಮಾಡಿತು. ಕಾದಂಬರಿಕಾರ ನಿರಂಜನರ 55 ಪುಸ್ತಕಗಳನ್ನು ಅವರ ಕುಟುಂಬದ ಹಕ್ಕುದಾರರು 2014ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಹಾಗೆಯೇ ತೆರೆದಿಟ್ಟಿತು. ಯಕ್ಷವಾಹಿನಿಯ ಕಾರ್ಯಕರ್ತರು ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ, ಟೈಪ್ ಮಾಡಿ ಉಚಿತವಾಗಿ ಒದಗಿಸುತ್ತಿದ್ದಾರೆ. ವಚನಗಳು, ಕುಮಾರವ್ಯಾಸ, ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಎಲ್ಲರ ಸ್ವತ್ತಾಗಿ ಮೊದಲೇ ಇವೆ. ಕನ್ನಡ ಬೆಳೆಯಬೇಕೆಂದು ಮನಸಾರೆ ಕೊಡುವವರು ಬಹಳ ಜನ ಇದ್ದಾರೆ. ಕೊಡುವ ಗೌರವ ಅವರಿಗೆ ಉಳಿಯಬೇಕಾದರೆ ಅವರನ್ನು ಕೇಳಬೇಕು.

ಕೇಳಿ ಪಡೆಯುವುದಕ್ಕೂ ಕೇಳದೆ ತೆಗೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ದನಿಯ ವಿಷಯದಲ್ಲಿ ಇನ್ನೂ ಸ್ಪಷ್ಟ. ತಮಿಳಿನ ‘ಲಾಲ್ ಸಲಾಂ’ ಚಿತ್ರದ ಹಾಡಿಗೆ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ಬಳಸಿದಾಗ ಅವರ ಕುಟುಂಬಗಳ ಒಪ್ಪಿಗೆ ಪಡೆದಿದ್ದಾಗಿಯೂ ಸಂಭಾವನೆ ಕೊಟ್ಟಿದ್ದಾಗಿಯೂ ತಿಳಿಸಿದರು. ಕನ್ನಡಿಗರಿಗೆ ಮನೆಯವರಂತಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೆ ಮರುಸೃಷ್ಟಿಸಿದರೆಂದು ತೆಲುಗು ಚಿತ್ರವೊಂದರ ತಯಾರಕರಿಗೆ ಅವರ ಮಗ ನೋಟಿಸು ಕಳಿಸಬೇಕಾಯಿತು. ತಂತ್ರ ಎರಡೂ ಕಡೆ ಅದೇ, ನಡವಳಿಕೆ ಬೇರೆ. ಅರಿಜಿತ್ ಸಿಂಗ್ ಅವರ ದನಿಯ ನಕಲನ್ನು 2024ರ ಜುಲೈನಲ್ಲಿ ತಡೆದ ಬಾಂಬೆ ಹೈಕೋರ್ಟು ಗಾಯಕನ ದನಿ ಅವನ ವ್ಯಕ್ತಿತ್ವದ ಭಾಗ ಎಂದೇ ಕಂಡಿತು. ಅವರೆಲ್ಲ ನಾಡಿಗೆಲ್ಲ ಗೊತ್ತಿರುವವರು. ಮೇಳದ ಭಾಗವತರೊಬ್ಬರ ದನಿಗೂ ಅದೇ ಮರ್ಯಾದೆ ಸಲ್ಲಬೇಕು.

ಪಾಲು ಬಂದರೂ ಎಷ್ಟು ಬಂದೀತು, ಕೆಲವು ರೂಪಾಯಿಗೆ ಇಷ್ಟು ಕಷ್ಟವೇ ಎಂದು ಕೇಳುವವರಿದ್ದಾರೆ. ಮೊತ್ತ ಸಣ್ಣದಿರಬಹುದು. ಸಿನಿಮಾ ಗೀತರಚನಕಾರರಿಗೂ ಬಹುಕಾಲ ಹೀಗೆಯೇ ಹೇಳಲಾಗುತ್ತಿತ್ತು. ಒಮ್ಮೆ ಸಂಭಾವನೆ ಕೊಟ್ಟರೆ ಮುಗಿಯಿತು ಎಂಬುದು ರೂಢಿಯಾಗಿತ್ತು. 2012ರ ತಿದ್ದುಪಡಿ ಅವರಿಗೂ ಸಂಗೀತಗಾರರಿಗೂ ಬಿಟ್ಟುಕೊಡಲಾಗದ ರಾಯಲ್ಟಿಯ ಪಾಲನ್ನು ಕೊಟ್ಟಿತು. ಹಾಡು ಯಾರದೆಂದು ಪಟ್ಟಿ ಮಾಡಿ, ಹಣ ಸಂಗ್ರಹಿಸಿ, ಹಂಚುವ ಸಂಘ ಮೊದಲೇ ಇದ್ದದ್ದರಿಂದ ಆ ಪಾಲು ಕೈಗೆ ಸಿಗುವಂತಾಯಿತು. ಕನ್ನಡದ ಕತೆ, ಕವಿತೆ, ಪ್ರಸಂಗ, ಅರ್ಥಗಾರಿಕೆಗಳಿಗೆ ಅಂಥ ಪಟ್ಟಿ ಈಗ ಬೇಕು.

ಇದಕ್ಕೆ ದಿಲ್ಲಿಯ ತೀರ್ಪಿನವರೆಗೆ ಕಾಯಬೇಕಾಗಿಲ್ಲ. ಕೃತಿಸ್ವಾಮ್ಯಕ್ಕೆ ಭಾರತದಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೆ ಪುರಾವೆಯಾಗಿ ಅದರ ಬೆಲೆ ದೊಡ್ಡದು, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು ಎನ್ನುತ್ತದೆ ಕಾಯ್ದೆ. ಒಪ್ಪಂದದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಒಪ್ಪಂದ ಮಾಡಿಕೊಂಡಾಗ ಇಲ್ಲದಿದ್ದ ಹೊಸ ಮಾಧ್ಯಮದ ಹಕ್ಕು, ಹೆಸರಿಸಿ ಬರೆಯದ ಹೊರತು, ಪ್ರಕಾಶಕರಿಗೆ ಹೋಗುವುದಿಲ್ಲ ಎಂದು 2012ರ ತಿದ್ದುಪಡಿ ಸೇರಿಸಿದೆ. ಆ ತಿದ್ದುಪಡಿಯ ಬಲದಿಂದ, ಎಐ ಕಲಿಕೆಗೆ ಕೃತಿಯನ್ನು ಕೊಡುವ ಹಕ್ಕು ಲೇಖಕರಲ್ಲೇ ಉಳಿದಿದೆ ಎಂದು ವಾದಿಸಲು ಗಟ್ಟಿ ಆಧಾರವಿದೆ. ಆದ್ದರಿಂದ ಇನ್ನು ಮುಂದಿನ ಕನ್ನಡ ಪುಸ್ತಕದ ಕರಾರಿನಲ್ಲಿ ಎಐ ಬಗ್ಗೆ ಒಂದು ಕಲಮು ಇರಲೇಬೇಕು. ಬರಹಗಾರರ ಉಯಿಲಿನಲ್ಲಿ ಮನೆ, ತೋಟದ ಜೊತೆ ಕೃತಿಗಳ ಮಾತೂ ಬರಬೇಕು. ರಾಜ್ಯದ ಪಾತ್ರ ಇನ್ನೂ ದೊಡ್ಡದು. ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುವಾಗ ಲೇಖಕರ, ಪ್ರಕಾಶಕರ ವಿವರ ಪಡೆಯುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ, ಯಕ್ಷಗಾನ ಅಕಾಡೆಮಿ, ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಆ ಇಲಾಖೆಯ ಜೊತೆ ಕೈಜೋಡಿಸಿದರೆ ಕೃತಿ, ಕೃತಿಕಾರ, ವಾರಸುದಾರ, ಅನುಮತಿಯ ಬಗೆ ಈ ನಾಲ್ಕನ್ನು ತೋರಿಸುವ ಒಂದು ಸಾರ್ವಜನಿಕ ಹಕ್ಕುಪಟ್ಟಿ ಸಿದ್ಧವಾಗುತ್ತದೆ. ಉಚಿತವಾಗಿ ಕೊಡುವವರು ಹಾಗೆಂದು ಬರೆಸಲಿ, ಹಣ ಬೇಕೆನ್ನುವವರು ಬರೆಸಲಿ, ಬೇಡವೆನ್ನುವವರೂ ಬರೆಸಲಿ. ಕೇಂದ್ರದ ಕರಡು ಪತ್ರಕ್ಕೆ ಕರ್ನಾಟಕ ಹೇಳಬೇಕಾದ ಮಾತೂ ಇಲ್ಲೇ ಇದೆ: ಹಂಚುವ ಹಣದಲ್ಲಿ ಭಾಷಾವಾರು ಪಾಲು ಮೊದಲೇ ಗೊತ್ತಾಗಿರಲಿ, ಕಂಪನಿಗಳು ಯಾವ ಕನ್ನಡ ಕೃತಿಗಳನ್ನು ಬಳಸಿದವು ಎಂಬ ಪಟ್ಟಿಯನ್ನು ಬಹಿರಂಗಪಡಿಸಲಿ, ಪ್ರದರ್ಶಕರೂ ಹಕ್ಕುದಾರರೆಂದು ಎಣಿಕೆಯಾಗಲಿ.

ಕನ್ನಡ ಯಂತ್ರದಲ್ಲಿ ಇರಬೇಕು, ಚೆನ್ನಾಗಿಯೇ ಇರಬೇಕು. ಅದನ್ನು ಅಲ್ಲಿಗೆ ತಲುಪಿಸಿದವರು ಲೆಕ್ಕದಿಂದ ಹೊರಗೆ ಉಳಿಯಬಾರದು. ಬರೆದವರ ಹೆಸರನ್ನು ಕಾಪಾಡಿಕೊಳ್ಳಲಾರದ ಭಾಷೆಗೆ ಹೊಸ ಬರಹಗಾರರನ್ನು ಪಡೆಯುವುದೂ ಕಷ್ಟವಾಗುತ್ತದೆ. ಹೊಸ ಬರಹ ನಿಂತ ದಿನ ಯಂತ್ರಕ್ಕೂ ಕಲಿಯಲು ಹಳೆಯದೇ ಗತಿ. ಪರಿಷತ್ತಿನ ಮುಂದಿನ ತಾಲ್ಲೂಕು ಸಮ್ಮೇಳನ ಕೊಪ್ಪದಲ್ಲಾಗಲಿ, ಶೃಂಗೇರಿಯಲ್ಲಾಗಲಿ, ನರಸಿಂಹರಾಜಪುರದಲ್ಲಾಗಲಿ, ಅಲ್ಲಿ ಗೋಷ್ಠಿಗಳ ಜೊತೆ ಒಂದು ನೋಂದಣಿ ಮೇಜನ್ನೂ ಹಾಕಲಿ. ಊರಿನ ಪ್ರಸಂಗಕರ್ತ, ಅರ್ಥಧಾರಿ, ಕತೆಗಾರ್ತಿ ತಮ್ಮ ಕೃತಿಗಳ ಹೆಸರನ್ನು ಅಲ್ಲೇ ಬರೆಸಲಿ. ಹಕ್ಕುಪಟ್ಟಿಯ ಕೆಲಸವನ್ನು ಶುರುಮಾಡಲು ಅಷ್ಟು ಸಾಕು.